ಭದ್ರಾವತಿ ಆಕಾಶವಾಣಿಯಲ್ಲಿ ಉದ್ಘೋಷಕಿಯಾಗಲು ಕಲಿತದ್ದು

ಭದ್ರಾವತಿಯಲ್ಲಿ ಆಕಾಶವಾಣಿ ಶುರುವಾಗಿದ್ದು 1965ರ ಫೆಬ್ರವರಿ 7ರಂದು. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಇಡೀ ರಾಜ್ಯಕ್ಕೆ ಇದ್ದದ್ದು ಎರಡೇ ಕೇಂದ್ರ. ಧಾರವಾಡಕ್ಕೆ 1950ರಲ್ಲಿ ಬಂದಿತ್ತು, ಬೆಂಗಳೂರಿಗೆ 1955ರಲ್ಲಿ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಆರಂಭಿಸಿದ್ದ ಕೇಂದ್ರ ಬೆಂಗಳೂರಿಗೆ ಹೋಗಿ ಆಗಿತ್ತು. ಅಂಥ ಹೊತ್ತಿನಲ್ಲಿ ಮುಂದಿನ ಕೇಂದ್ರ ಬಂದಿದ್ದು ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಊರಿಗೆ. ಜಿಲ್ಲಾ ಕೇಂದ್ರವಾದ ಶಿವಮೊಗ್ಗ ಪಕ್ಕದಲ್ಲೇ ಇದ್ದರೂ ರೇಡಿಯೋದಲ್ಲಿ ಕೇಳುತ್ತಿದ್ದ ಹೆಸರು ಭದ್ರಾವತಿಯದು. ನಮ್ಮ ಕಡೆಯವರಿಗೆ ಈಗಲೂ ಅದೊಂದು ಹೆಮ್ಮೆ.

ಈ ಚರಿತ್ರೆಯನ್ನು ನಾನು ಕಲಿತದ್ದು ಡ್ಯೂಟಿ ರೂಮಿನಲ್ಲಿ, ಸ್ಟುಡಿಯೋದಲ್ಲಿ, ಟೇಪ್ ಲೈಬ್ರರಿಯ ಕಪಾಟುಗಳ ಮಧ್ಯೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಹಂಗಾಮಿ ಉದ್ಘೋಷಕಿಯಾಗಿ ಆಯ್ಕೆಯಾದೆ. ಕ್ಯಾಶುಯಲ್ ಅನೌನ್ಸರ್ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಕಾಯಂ ಕೆಲಸ ಅಲ್ಲ. ತಿಂಗಳಿಗೆ ಕೆಲವು ಡ್ಯೂಟಿ, ಡ್ಯೂಟಿಗೆ ಇಷ್ಟು ಅಂತ ಸಂಭಾವನೆ, ಅಷ್ಟೇ. ಆದರೆ ಆ ಕೆಲವು ಡ್ಯೂಟಿಗೆ ತಯಾರಾಗಲು ಕಲಿಯಬೇಕಾಗಿದ್ದು ಬಹಳ ಇತ್ತು. ಒಂದು ಸಣ್ಣ ಊರಿನ ರೇಡಿಯೋ ಕೇಂದ್ರ ಯಾವುದರ ಮೇಲೆ ನಿಂತಿರುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದೂ ಹಾಗೇ.

ನಮ್ಮೂರು ತರೀಕೆರೆ ಪಕ್ಕ. ಉದ್ಘೋಷಕರು ಬೇಕಾಗಿದ್ದಾರೆ ಎಂಬ ಪ್ರಕಟಣೆಯನ್ನು ರೇಡಿಯೋದಲ್ಲೇ ಕೇಳಿ ಅರ್ಜಿ ಹಾಕಿದ್ದೆ. ಮೊದಲು ಲಿಖಿತ ಪರೀಕ್ಷೆ. ಸಾಹಿತ್ಯ, ಸಂಗೀತ, ಸಾಮಾನ್ಯ ಜ್ಞಾನ, ಇಂಗ್ಲಿಷಿನಿಂದ ಕನ್ನಡಕ್ಕೆ ಒಂದಿಷ್ಟು ಅನುವಾದ. ಅದು ಓದಿಕೊಂಡವರಿಗೆ ಕಷ್ಟವಲ್ಲ. ಜನ ಉದುರುತ್ತಿದ್ದದ್ದು ಧ್ವನಿ ಪರೀಕ್ಷೆಯಲ್ಲಿ.

ಸ್ಟುಡಿಯೋ ಅಂದರೆ ನಾನು ದೊಡ್ಡ ಹಾಲ್ ಅಂದುಕೊಂಡಿದ್ದೆ. ಸಣ್ಣ ಕೋಣೆ. ದಪ್ಪ ಬಾಗಿಲು, ಗೋಡೆಗೆಲ್ಲ ತೂತು ತೂತಿನ ಹಲಗೆ, ಒಂದು ಮೇಜು, ಒಂದು ಮೈಕು. ಬಾಗಿಲು ಹಾಕಿದ ತಕ್ಷಣ ಹೊರಗಿನ ಸದ್ದೆಲ್ಲ ನಿಂತು ನಮ್ಮ ಉಸಿರು ನಮಗೇ ಕೇಳಿಸುತ್ತದೆ. ಪರೀಕ್ಷಕರು ಒಳಗೆ ಇರಲಿಲ್ಲ. ಬೇರೆ ಕೋಣೆಯಲ್ಲಿ ಕೂತು ಸ್ಪೀಕರಿನಲ್ಲಿ ಬರುವ ಧ್ವನಿಯನ್ನಷ್ಟೇ ಕೇಳುತ್ತಿದ್ದರು. ಹೆಸರು ಹೇಳುವ ಹಾಗಿಲ್ಲ, ಕೊಟ್ಟ ನಂಬರ್ ಮಾತ್ರ ಹೇಳಬೇಕು. ಯಾರ ಮಗಳು, ಯಾವ ಊರು, ಹೇಗೆ ಕಾಣುತ್ತಾಳೆ ಅನ್ನುವ ಯಾವುದಕ್ಕೂ ಅಲ್ಲಿ ಜಾಗ ಇರಲಿಲ್ಲ. ಆ ಪದ್ಧತಿಯ ಮೇಲೆ ನನಗೆ ಇವತ್ತಿಗೂ ಬಹಳ ಗೌರವ.

ಓದಲು ಕೊಟ್ಟ ಹಾಳೆಗಳೂ ಯೋಚನೆ ಮಾಡಿ ಆರಿಸಿದ್ದವು. ಒಂದರಲ್ಲಿ ಸುದ್ದಿ, ಅದರ ತುಂಬ ಹೊರದೇಶದ ಹೆಸರುಗಳು. ಇನ್ನೊಂದರಲ್ಲಿ ಕವನ. ಮತ್ತೊಂದು ರೈತರಿಗೆ ಸಲಹೆ. ಅದರ ನಂತರ, ಕೈಯಲ್ಲಿ ಹಾಳೆ ಇಲ್ಲದೆ, ಒಂದು ಚಿತ್ರಗೀತೆಯನ್ನು ಕೇಳುಗರಿಗೆ ಪರಿಚಯ ಮಾಡಿಕೊಡಬೇಕು. ಲ-ಳ, ಶ-ಷ-ಸ ಬೇರೆ ಬೇರೆಯಾಗಿ ಕೇಳಬೇಕು. ‘ಅ’ಕಾರ ‘ಹ’ಕಾರ ಅದಲುಬದಲಾಗಬಾರದು. ಮಹಾಪ್ರಾಣ ಬೇಕು, ಆದರೆ ಮೈಕಿಗೆ ಗಾಳಿ ಬಡಿಯಬಾರದು. ಕೇಂದ್ರದ ಹೆಸರೇ ‘ಭ’ದಿಂದ ಶುರು. ಮೈಕಿಗೆ ನೇರವಾಗಿ ಮುಖ ಇಟ್ಟು ‘ಭದ್ರಾವತಿ’ ಅಂದರೆ ಸ್ಪೀಕರಿನಲ್ಲಿ ಧಪ್ ಅನ್ನುತ್ತದೆ. ಮುಖವನ್ನು ಸ್ವಲ್ಪ ಓರೆ ಇಟ್ಟುಕೊಂಡು, ಉಸಿರು ಹಿಡಿತದಲ್ಲಿಟ್ಟು ಹೇಳಬೇಕು. ಆಯ್ಕೆಯಾದ ಮೇಲೆ ಹಿರಿಯ ಉದ್ಘೋಷಕಿಯೊಬ್ಬರು ಇದೊಂದನ್ನೇ ನನ್ನಿಂದ ಮತ್ತೆ ಮತ್ತೆ ಹೇಳಿಸಿದರು. “ದಿನಕ್ಕೆ ಎಷ್ಟು ಸಲ ಹೇಳ್ತೀವಿ ನೋಡಿ. ಊರಿನ ಹೆಸರು ಸರಿಯಾಗಿ ಬರದಿದ್ರೆ ಮಿಕ್ಕಿದ್ದು ಯಾಕೆ?” ಅನ್ನುತ್ತಿದ್ದರು.

ಮೇಡಂ ಹೇಳಿಕೊಟ್ಟ ಸಣ್ಣಪುಟ್ಟ ವಿಷಯಗಳೇ ಕೊನೆಗೆ ದೊಡ್ಡವಾದವು. ಸ್ಟುಡಿಯೋಗೆ ಹೋಗುವ ಮುಂಚೆ ಗಾಜಿನ ಬಳೆ ತೆಗೆದಿಡಬೇಕು. ಹಾಳೆಗಳನ್ನು ಪಿನ್ ಮಾಡಬಾರದು, ಬಿಡಿಯಾಗಿರಬೇಕು. ಓದಿ ಮುಗಿದ ಹಾಳೆಯನ್ನು ಎಳೆಯಬಾರದು, ಎತ್ತಿ ಪಕ್ಕಕ್ಕಿಡಬೇಕು. ಕೆಮ್ಮು ಬಂದರೆ ಫೇಡರ್, ಅಂದರೆ ಮೈಕಿನ ಧ್ವನಿ ಏರಿಸಿ ಇಳಿಸುವ ಗುಬುಟು, ಇಳಿಸಿ ಕೆಮ್ಮಬೇಕು. ಕೇಳುಗರು ಸಾವಿರ ಜನ ಅಂದುಕೊಂಡು ಓದಬಾರದು, ಎದುರಿಗೆ ಒಬ್ಬರು ಕೂತಿದ್ದಾರೆ ಅಂದುಕೊಂಡು ಓದಬೇಕು. ನಾನು ಪ್ರತಿ ಸಲವೂ ನಮ್ಮ ಅಜ್ಜಿಯನ್ನು ನೆನೆಸಿಕೊಂಡೇ ಓದುತ್ತಿದ್ದೆ.

ಆಗ ಎಲ್ಲವೂ ಸ್ಪೂಲ್ ಟೇಪ್. ಕಾರ್ಯಕ್ರಮಗಳನ್ನು ಕಂದು ಬಣ್ಣದ ಟೇಪಿನಲ್ಲಿ ಧ್ವನಿಮುದ್ರಿಸಿ, ಡಬ್ಬಿಯ ಮೇಲೆ ಹೆಸರು, ಅವಧಿ, ಪ್ರಸಾರದ ದಿನ ಬರೆದಿಡುತ್ತಿದ್ದರು. ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತದೆ. ಒಂದು ಕೆಮ್ಮು, ಒಂದು ತಡವರಿಕೆ ತೆಗೆಯಬೇಕು ಅಂದರೆ, ಆ ಜಾಗವನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ ಹುಡುಕಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿ ಹಚ್ಚಿ ಸೇರಿಸಬೇಕು. ನೇರವಾಗಿ ಕತ್ತರಿಸಿದರೆ ಸೇರಿಸಿದ ಕಡೆ ಟಕ್ ಅಂತ ಕೇಳಿಸುತ್ತದೆ. ಹಾಡುಗಳಿಗೆ ಗ್ರಾಮಫೋನ್ ತಟ್ಟೆಗಳು. ಮುಳ್ಳನ್ನು ಸರಿಯಾದ ಗೆರೆಯ ಮೇಲೆ ಇಟ್ಟು, ತಟ್ಟೆಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಹಿಡಿದುಕೊಳ್ಳಬೇಕು. ನಮ್ಮ ಮಾತು ಮುಗಿದ ಮರುಕ್ಷಣ ಹಾಡು ಬರಬೇಕು. ಇದಕ್ಕೆಲ್ಲ ಕೈ ಪಳಗಲು ಸಮಯ ಹಿಡಿಯಿತು.

ಇವೆಲ್ಲಕ್ಕೂ ಮೇಲೆ ಗಡಿಯಾರ. ಕ್ಯೂ ಶೀಟ್ ಅಂತ ಒಂದು ಹಾಳೆ ಇರುತ್ತದೆ. ಇಡೀ ದಿನದ ಪ್ರಸಾರ ಅದರಲ್ಲಿ ನಿಮಿಷ ಸೆಕೆಂಡಿನ ಲೆಕ್ಕದಲ್ಲಿ ಬರೆದಿರುತ್ತದೆ. ಬೆಳಗ್ಗೆ 6.55ಕ್ಕೆ ದೆಹಲಿಯಿಂದ ಸಂಸ್ಕೃತ ವಾರ್ತೆ. ‘ಇಯಂ ಆಕಾಶವಾಣೀ’ ಅನ್ನುವ ಧ್ವನಿ ಕೇಳದೆ ನಮ್ಮ ಕಡೆ ಬೆಳಗಾಗುತ್ತಿರಲಿಲ್ಲ, ಅಲ್ವಾ? ಆ ವಾರ್ತೆ ಓದುತ್ತಿದ್ದ ಬಲದೇವಾನಂದ ಸಾಗರ ಎಂಬ ಹೆಸರು, ಒಂದಕ್ಷರ ಸಂಸ್ಕೃತ ಬರದ ಮಕ್ಕಳ ಬಾಯಲ್ಲೂ ಇತ್ತು. 7.05ಕ್ಕೆ ಬೆಂಗಳೂರಿನಿಂದ ಪ್ರದೇಶ ಸಮಾಚಾರ. 7.35ಕ್ಕೆ ದೆಹಲಿಯಿಂದ ಕನ್ನಡ ವಾರ್ತೆ. ಇವು ಯಾರಿಗೂ ಕಾಯುವುದಿಲ್ಲ. ನಮ್ಮ ಹಾಡು ಅರ್ಧಕ್ಕೆ ಬಂದಿದ್ದರೂ ಅವು ಶುರುವಾಗುತ್ತವೆ. ಹಾಗಾಗಿ ಅದಕ್ಕೂ ಮುಂಚಿನ ಪ್ರತಿಯೊಂದನ್ನೂ ಅಳೆದು ಹಾಕಬೇಕು. ಐದು ನಿಮಿಷ ಉಳಿದಿದೆ, ಹಾಡು ನಾಲ್ಕು ನಿಮಿಷ ಹತ್ತು ಸೆಕೆಂಡ್ ಇದೆ ಅಂದರೆ, ಉಳಿದ ಐವತ್ತು ಸೆಕೆಂಡಿನಲ್ಲಿ ಮಾತು ಎಷ್ಟು, ವಾದ್ಯಸಂಗೀತ ಎಷ್ಟು ಅಂತ ತಲೆಯಲ್ಲೇ ಲೆಕ್ಕ ಹಾಕುತ್ತ ಕೂತಿರಬೇಕು. ಮೌನ ಮಾತ್ರ ಆಗಬಾರದು. ಕೆಲವು ಸೆಕೆಂಡ್ ಸದ್ದಿಲ್ಲದಿದ್ದರೂ ಅದು ಲಾಗ್ ಬುಕ್ಕಿಗೆ ಹೋಗುತ್ತದೆ.

ದೆಹಲಿಯ ವಾರ್ತೆ ನಮ್ಮ ಕಾಲಕ್ಕೆ ಉಪಗ್ರಹದಿಂದ ಬರುತ್ತಿತ್ತು. ಅದಕ್ಕೂ ಹಿಂದಿನ ಕಥೆಯನ್ನು ಹಿರಿಯ ಎಂಜಿನಿಯರ್ ಒಬ್ಬರು ಹೇಳುತ್ತಿದ್ದರು. ಆಗ ದೂರದ ಕೇಂದ್ರಗಳು ದೆಹಲಿಯ ಶಾರ್ಟ್‌ವೇವ್ ಪ್ರಸಾರವನ್ನು ಒಳ್ಳೆಯ ರಿಸೀವರಿನಲ್ಲಿ ಹಿಡಿದು, ಅದನ್ನೇ ಮತ್ತೆ ಮೀಡಿಯಂ ವೇವ್‌ನಲ್ಲಿ ಬಿಡುತ್ತಿದ್ದವು. ಧ್ವನಿ ಒಮ್ಮೆ ಏರುವುದು, ಒಮ್ಮೆ ಇಳಿಯುವುದು. ಎಂಜಿನಿಯರ್ ಕೈ ಗುಬುಟಿನ ಮೇಲೇ ಇರಬೇಕು. ಹಳ್ಳಿಯಲ್ಲಿ ಕೇಳುವವರಿಗೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಳ್ಳುವುದೇ ಅವರ ಕೆಲಸವಾಗಿತ್ತು.

ನಾನು ಟ್ರಾನ್ಸ್‌ಮಿಟರ್ ಬಗ್ಗೆ ಕಲಿತದ್ದೂ ಅವರಿಂದಲೇ. ಉದ್ಘೋಷಕಿಗೆ ಅದು ಬೇಕಾಗಿರಲಿಲ್ಲ. ಆದರೆ ದಿನಾ ನಾನು ‘444.4 ಮೀಟರ್, ಅಂದರೆ 675 ಕಿಲೋಹರ್ಟ್ಸ್’ ಅಂತ ಹೇಳುತ್ತಿದ್ದೆನಲ್ಲ, ಅದು ಏನು ಅಂತ ತಿಳಿಯದೆ ಹೇಳುವುದು ನನಗೆ ಇಷ್ಟವಿರಲಿಲ್ಲ. ಕೇಳಿದೆ. “ನೋಡಮ್ಮಾ,” ಅಂತ ಶುರು ಮಾಡಿದರು. ರೇಡಿಯೋ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಸೆಕೆಂಡಿಗೆ 6,75,000 ಸಲ ಅದು ಏರಿ ಇಳಿಯುತ್ತದೆ. ಭಾಗಿಸಿದರೆ ಒಂದೊಂದು ಅಲೆಯ ಉದ್ದ 444 ಮೀಟರ್ ಚಿಲ್ಲರೆ. ಇಂಥ ಪ್ರಸಾರಕ್ಕೆ ನಿಲ್ಲಿಸುವ ಕಂಬ ಸಾಮಾನ್ಯವಾಗಿ ಅದರ ಕಾಲುಭಾಗ ಇರಬೇಕು. ಅಂದರೆ ಸುಮಾರು 111 ಮೀಟರ್. ಮೀಡಿಯಂ ವೇವ್‌ನಲ್ಲಿ ಕಂಬದ ಮೇಲೆ ಏನನ್ನೂ ಕೂರಿಸುವುದಿಲ್ಲ, ಕಂಬವೇ ಆಂಟೆನಾ. ಅದಕ್ಕೇ ಅದರ ಬುಡ ಪಿಂಗಾಣಿಯ ಇನ್ಸುಲೇಟರ್ ಮೇಲೆ ನಿಂತಿರುತ್ತದೆ. ಸುತ್ತ ನೆಲದೊಳಗೆ ತಾಮ್ರದ ತಂತಿಗಳನ್ನು ಎಲ್ಲ ದಿಕ್ಕಿಗೂ ಹೂತಿರುತ್ತಾರೆ. ಒದ್ದೆ ನೆಲ ಇದ್ದಷ್ಟೂ ಅಲೆ ಚೆನ್ನಾಗಿ ಹರಡುತ್ತದೆ.

ಆಮೇಲೆ ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು. 675ನ್ನು 9ರಿಂದ ಭಾಗಿಸಿ ನೋಡು ಅಂದರು. ಸರಿಯಾಗಿ 75. ಬೆಂಗಳೂರು 612, ಧಾರವಾಡ 765, ಕಲಬುರಗಿ 1107, ಎಲ್ಲವೂ 9ರಿಂದ ಭಾಗವಾಗುತ್ತವೆ. 1975ರಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದ ಆಯಿತು. ಏಷ್ಯಾ, ಯುರೋಪ್, ಆಫ್ರಿಕಾದ ಮೀಡಿಯಂ ವೇವ್ ಕೇಂದ್ರಗಳು ಒಂದಕ್ಕೊಂದು ಅಡ್ಡ ಬರದ ಹಾಗೆ 9 ಕಿಲೋಹರ್ಟ್ಸ್ ಅಂತರದಲ್ಲಿ ನಿಲ್ಲಬೇಕು ಅಂತ. 1978ರ ನವೆಂಬರಿನಲ್ಲಿ ಅದು ಜಾರಿಗೆ ಬಂತು. ನಮ್ಮ ಭದ್ರಾವತಿಯ ನಂಬರಿನ ಹಿಂದೆ ಅಷ್ಟು ದೊಡ್ಡ ಲೆಕ್ಕ ಇದೆ ಅನ್ನುವುದು ತಿಳಿದ ಮೇಲೆ ನಾನು ಅದನ್ನು ಹೇಳುವ ರೀತಿಯೇ ಬದಲಾಯಿತು.

ಟ್ರಾನ್ಸ್‌ಮಿಟರಿನ ಶಕ್ತಿ 20 ಕಿಲೋವ್ಯಾಟ್. ಬೆಂಗಳೂರು, ಧಾರವಾಡಗಳ 200 ಕಿಲೋವ್ಯಾಟ್ ಎದುರು ಅದು ಸಣ್ಣದು. ಆದರೆ ಮಲೆನಾಡಿಗೆ ಬೇಕಾಗಿದ್ದು ಇಂಥದ್ದೇ. ಮೀಡಿಯಂ ವೇವ್ ನೆಲ ಹಿಡಿದು ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ಆಚೆಗೂ ಇಳಿಯುತ್ತದೆ. ಎಫ್‌ಎಂ ಹಾಗಲ್ಲ, ಅದು ಹೆಚ್ಚು ಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ನೇರವಾಗಿ ಹೋಗುತ್ತದೆ. ದಟ್ಟ ಕಣಿವೆಯ ಒಂಟಿಮನೆಗೆ ಅದು ತಲುಪುವುದು ಕಷ್ಟ. ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ. ಮಳೆಗಾಲದಲ್ಲಿ ಪತ್ರಿಕೆ ಮಧ್ಯಾಹ್ನಕ್ಕೋ ಮರುದಿನಕ್ಕೋ ಬರುತ್ತಿತ್ತು. ಕರೆಂಟು ಹೋದರೂ ಸೆಲ್ ಹಾಕಿದ ಟ್ರಾನ್ಸಿಸ್ಟರ್ ಮಾತಾಡುತ್ತಿತ್ತು. ಎಎಂ ರೇಡಿಯೋ, ಅಂದರೆ ಈ ಮೀಡಿಯಂ ವೇವ್, ಹಳೆಯದಾಯಿತು, ಅದರ ಧ್ವನಿ ಚೆನ್ನಾಗಿಲ್ಲ ಅನ್ನುವವರು ಈ ಭೂಗೋಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನಗೆ ಅದು ಅನ್ಯಾಯ ಅನಿಸುತ್ತದೆ.

ರಾತ್ರಿ ಮಾತ್ರ ತೊಂದರೆ ಇತ್ತು. ಹಗಲಿನಲ್ಲಿ ಆಕಾಶದ ಕೆಳಗಿನ ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಇರುವುದಿಲ್ಲ, ಅಲೆಗಳು ಇನ್ನೂ ಮೇಲೆ ಹೋಗಿ ಪ್ರತಿಫಲಿಸಿ ನೂರಾರು ಮೈಲಿ ದೂರ ಬೀಳುತ್ತವೆ. ಹಾಗಾಗಿ ಕತ್ತಲಾದ ಮೇಲೆ ಎಲ್ಲಿಯದೋ ಕೇಂದ್ರ ಬಂದು ನಮ್ಮದರ ಮೇಲೆ ಕೂರುತ್ತಿತ್ತು. ‘ರಾತ್ರಿ ನಾಟಕದ ಹೊತ್ತಿಗೆ ಸಿಳ್ಳೆ ಕೇಳುತ್ತದೆ, ದಯವಿಟ್ಟು ಸರಿಪಡಿಸಿ’ ಅಂತ ಕಾಗದ ಬರೆಯುತ್ತಿದ್ದರು. ಎಂಜಿನಿಯರ್ ಅವನ್ನೂ ಓದಿ, ಯಾವ ಊರು ಅಂತ ಗುರುತು ಹಾಕಿಕೊಳ್ಳುತ್ತಿದ್ದರು.

ಬೆಳಗಿನ ಡ್ಯೂಟಿಯ ಹಿಂದಿನ ರಾತ್ರಿ ನ್ಯೂಟೌನಿನಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಿದ್ದೆ. ಚಿಕ್ಕಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುವವರು. ನಾನೂ ಪಾಳಿಯವಳೇ ಆದೆನಲ್ಲ ಅಂತ ಅವರಿಗೆ ಬಹಳ ಖುಷಿ. ಆರು ಗಂಟೆಗೆ ಮುಂಚೆಯೇ ಪ್ರಸಾರ ಶುರು. ನಾವು ಬರುವಷ್ಟರಲ್ಲಿ ಟ್ರಾನ್ಸ್‌ಮಿಟರ್ ಕಡೆಯವರು ಅದರ ಬಲ್ಬಿನಂಥ ವಾಲ್ವ್‌ಗಳನ್ನು ಬಿಸಿ ಮಾಡಿಟ್ಟಿರುತ್ತಿದ್ದರು. ಮೊದಲು ಆಕಾಶವಾಣಿಯ ಆ ಪರಿಚಿತ ರಾಗ. ಅದನ್ನು ರಚಿಸಿದ್ದು ವಾಲ್ಟರ್ ಕೌಫ್‌ಮನ್. ಯುರೋಪಿನಲ್ಲಿ ಯಹೂದಿಗಳ ಬದುಕು ಕಷ್ಟವಾದಾಗ ಭಾರತಕ್ಕೆ ಬಂದು, ಮುಂಬಯಿ ಕೇಂದ್ರದಲ್ಲಿ ಸಂಗೀತ ವಿಭಾಗ ನೋಡಿಕೊಂಡ ಸಂಗೀತಗಾರ. ಆಮೇಲೆ ವಂದೇ ಮಾತರಂ, ಮಂಗಳವಾದ್ಯ. ನಂತರ ನಮ್ಮ ಮಾತು. ಇಂಗ್ಲಿಷ್ ತಾರೀಕಿನ ಜೊತೆಗೆ ಶಕ ವರ್ಷದ ತಾರೀಕನ್ನೂ ಹೇಳಬೇಕು. ಸರ್ಕಾರ 1957ರಲ್ಲಿ ಒಪ್ಪಿಕೊಂಡ ರಾಷ್ಟ್ರೀಯ ಪಂಚಾಂಗ ಅದು. ದಿನನಿತ್ಯ ಅದನ್ನು ಬಳಸುತ್ತಿದ್ದವರು ನನಗೆ ಗೊತ್ತಿದ್ದಂತೆ ನಾವೇ.

ನಾನು ಮೊದಲ ಸಲ ಕೆಂಪು ದೀಪದ ಕೆಳಗೆ ಕೂತಾಗ ಮೇಡಂ ಗಾಜಿನ ಆಚೆ ನಿಂತಿದ್ದರು. ಫೇಡರ್ ಏರಿಸಿ ಎರಡು ವಾಕ್ಯ ಹೇಳಿದೆ. ಆ ಎರಡು ವಾಕ್ಯಕ್ಕೆ ಮೈ ಬೆವತಿತ್ತು. ಆದರೆ ಅವತ್ತು ನನಗೆ ನಿಜವಾಗಿ ಭಯ ಆಗಿದ್ದು ಪೇಟೆ ಧಾರಣೆ ಓದುವಾಗ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದಕ್ಕೂ ಕನಿಷ್ಠ ದರ, ಗರಿಷ್ಠ ದರ. ಹಾಡು ಹೆಚ್ಚು ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ಒಂದು ಸೊನ್ನೆ ತಪ್ಪಿದರೆ, ಮರುದಿನ ಯಾರೋ ಗಾಡಿ ಬಾಡಿಗೆ ಕೊಟ್ಟು ಮಂಡಿಗೆ ಬಂದು ನಿಲ್ಲುತ್ತಾರೆ. ಡ್ಯೂಟಿ ಆಫೀಸರ್ ಆ ಹಾಳೆಯನ್ನು ನನ್ನಿಂದ ಮೊದಲೇ ಜೋರಾಗಿ ಓದಿಸಿ, ಫೋನಿನಲ್ಲಿ ಬರೆದುಕೊಂಡದ್ದರ ಜೊತೆ ತಾಳೆ ನೋಡಿದರು. ಮಳೆಗಾಲದಲ್ಲಿ ಜಲಾಶಯದ ಮಟ್ಟಕ್ಕೂ ಹೀಗೇ. ಭದ್ರಾ ಅಣೆಕಟ್ಟು ತುಂಬುವುದು 186 ಅಡಿಗೆ, ಲಿಂಗನಮಕ್ಕಿ ಸಮುದ್ರಮಟ್ಟದಿಂದ ಲೆಕ್ಕ ಹಾಕಿದರೆ 1819 ಅಡಿಗೆ. ‘ಇಂದಿನ ಮಟ್ಟ’ ಅನ್ನುವ ಒಂದು ಸಾಲಿಗಾಗಿ ನಾಲೆ ಬಯಲಿನ ರೈತರು ಊಟ ಬಿಟ್ಟು ಕೇಳುತ್ತಿದ್ದರು. ಬೇಸಿಗೆಗೆ ನೀರು ಸಿಗುತ್ತದೋ ಇಲ್ಲವೋ ಅವರಿಗೆ ಅದರಲ್ಲೇ ಗೊತ್ತಾಗುತ್ತಿತ್ತು.

ರೈತರ ಕಾರ್ಯಕ್ರಮವನ್ನು ನಾನು ಮನಸ್ಸಿಟ್ಟು ಕೇಳಲು ಶುರು ಮಾಡಿದ್ದು ಅಲ್ಲಿಗೆ ಹೋದ ಮೇಲೆ. ಮುಂಗಾರಿಗೆ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಬೇಕು. ಶೇಕಡ 1ರ ಬೋರ್ಡೋ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಸುಮಾರು 40-45 ದಿನ ಬಿಟ್ಟು ಮತ್ತೆ ಹೊಡೆಯಬೇಕು. ಇದನ್ನು ವಿಜ್ಞಾನಿಯೊಬ್ಬರು ಭಾಷಣದ ಥರ ಹೇಳಿದರೆ ಯಾರೂ ಕೇಳುವುದಿಲ್ಲ ಅನ್ನುವುದು ಕಾರ್ಯಕ್ರಮ ಮಾಡುವವರಿಗೆ ಚೆನ್ನಾಗಿ ಗೊತ್ತಿತ್ತು. ಇಬ್ಬರು ಮೂವರು ಜಗಲಿಯಲ್ಲಿ ಕೂತು ಮಾತಾಡಿಕೊಳ್ಳುವ ಹಾಗೆ ಬರೆಸುತ್ತಿದ್ದರು. ಒಬ್ಬರು ಕೇಳುವುದು, ಇನ್ನೊಬ್ಬರು ಅನುಮಾನ ಪಡುವುದು, ಕೊನೆಗೆ ತಿಳಿದವರು ಬಿಡಿಸಿ ಹೇಳುವುದು. ನಮ್ಮ ಅಪ್ಪ ಆ ಅಳತೆಗಳನ್ನು ತೋಟದ ಮನೆಯ ಬಾಗಿಲ ಹಿಂದೆ ಇದ್ದಿಲಿನಲ್ಲಿ ಬರೆದಿಟ್ಟಿದ್ದರು. ಅದು ರೇಡಿಯೋ ಕೇಳಿ ಬರೆದದ್ದು ಅಂತ ನನಗೆ ಆಮೇಲೆ ಗೊತ್ತಾಯಿತು.

ಕಾಗದಗಳ ಚೀಲ ಬಿಚ್ಚುವ ಕೆಲಸ ಸಿಕ್ಕರೆ ನನಗೆ ಹಬ್ಬ. ಹೆಚ್ಚಿನವು ಪೋಸ್ಟ್ ಕಾರ್ಡು. ಹೊನ್ನಾಳಿ, ಚನ್ನಗಿರಿ, ಸಾಗರ, ಕಡೂರು, ಎಲ್ಲೆಲ್ಲಿಂದಲೋ ಬರುತ್ತಿದ್ದವು. ಇಂಥ ಚಿತ್ರಗೀತೆ ಹಾಕಿ ಅಂತ ಬರೆದವರ ಹೆಸರು ಓದುವುದೂ ನಮ್ಮದೇ ಕೆಲಸ. ಒಂದೇ ಕಾರ್ಡಿನಲ್ಲಿ ಮನೆಮಂದಿಯ ಹೆಸರೆಲ್ಲ ಇರುತ್ತಿತ್ತು, ಕೂಸಿನ ಹೆಸರೂ ಸೇರಿ. ಸಮಯ ಸಾಲದಿದ್ದರೆ ಮಾತು ಕಡಿಮೆ ಮಾಡಿ, ಹೆಸರು ಬಿಡಬೇಡಿ ಅಂತ ಮೇಡಂ ಹೇಳಿದ್ದರು. ಹಿಂದೆಲ್ಲ ರೇಡಿಯೋ ಇಟ್ಟುಕೊಳ್ಳುವುದಕ್ಕೇ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಎಂಬತ್ತರ ದಶಕದಲ್ಲಿ ಅದು ಹೋಯಿತು. ಆ ಕಾಲದಲ್ಲಿ ಹಣ ಕಟ್ಟಿ ಕೇಳಿದವರು ನಮ್ಮನ್ನು ಪ್ರಶ್ನೆ ಮಾಡುವ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. ಒಂದು ಅಕ್ಷರ ತಪ್ಪಿ ಓದಿದರೂ ಕಾರ್ಡು ಬರುತ್ತಿತ್ತು.

ಈಗ ಸ್ಪೂಲ್ ಟೇಪ್ ಇಲ್ಲ, ಮುಳ್ಳು ಇಡುವ ತಟ್ಟೆಯೂ ಇಲ್ಲ. ಎಲ್ಲ ಕಂಪ್ಯೂಟರಿನಲ್ಲಿ. ಭದ್ರಾವತಿಗೆ ಎಫ್‌ಎಂ ಕೂಡ ಬಂದಿದೆ, 103.5ರಲ್ಲಿ. ಮೊಬೈಲ್ ಆ್ಯಪ್‌ನಲ್ಲಿ ಎಲ್ಲಿ ಬೇಕಾದರೂ ಕೇಳಬಹುದು. ಇದೆಲ್ಲ ಒಳ್ಳೆಯದೇ. ನನ್ನ ಚಿಂತೆ ಇರುವುದು ಹಳೆಯ ಧ್ವನಿಗಳ ಬಗ್ಗೆ. ಆ ಕಾಲದಲ್ಲಿ ಟೇಪು ದುಬಾರಿ. ಒಂದು ಕಾರ್ಯಕ್ರಮ ಪ್ರಸಾರವಾದ ಮೇಲೆ ಅದೇ ಟೇಪಿನಲ್ಲಿ ಇನ್ನೊಂದನ್ನು ಮುದ್ರಿಸುವುದು ಎಲ್ಲ ಕಡೆಯೂ ಇದ್ದ ರೂಢಿ. ದೊಡ್ಡ ಕಲಾವಿದರದ್ದನ್ನು ಉಳಿಸಿಕೊಳ್ಳುತ್ತಿದ್ದರು. ದೀಪಾವಳಿಗೆ ದೀಪ ಹಿಡಿದು ಮನೆಮನೆಗೆ ಹೋಗಿ ಅಂಟಿಕೆ ಪಂಟಿಕೆ ಹಾಡುವವರು, ಸೋಬಾನೆ ಹೇಳುವ ಹೆಂಗಸರು, ಡೊಳ್ಳಿನ ಮೇಳದವರು ಬಂದು ಹಾಡಿ, ಹೆಬ್ಬೆಟ್ಟು ಒತ್ತಿ, ಚೆಕ್ ತಗೊಂಡು ಹೋಗಿದ್ದಾರೆ. ಅವರ ಎಷ್ಟೋ ಹಾಡುಗಳು ಒಂದೇ ಸಲ ಗಾಳಿಗೆ ಹೋಗಿ ಮುಗಿದವು.

ಆದರೆ ಅಂಥ ಪ್ರತಿಯೊಬ್ಬರಿಗೂ ಆಕಾಶವಾಣಿ ಒಂದು ಕರಾರು ಪತ್ರ ಕಳಿಸುತ್ತಿತ್ತು. ಅದರಲ್ಲಿ ಕಾರ್ಯಕ್ರಮ ಯಾವುದು, ಧ್ವನಿಮುದ್ರಣ ಯಾವತ್ತು, ಪ್ರಸಾರ ಯಾವಾಗ, ಎಷ್ಟು ನಿಮಿಷ ಅನ್ನುವುದೆಲ್ಲ ಇರುತ್ತದೆ. ಭದ್ರಾವತಿ ಕೇಂದ್ರದ ಚರಿತ್ರೆ ಬರೆಯುವವರಿಗೆ ಅದಕ್ಕಿಂತ ಗಟ್ಟಿ ದಾಖಲೆ ಇಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನದೋ ಅಜ್ಜಿಯದೋ ಅಂಥ ಹಳದಿ ಕಾಗದ ಇದ್ದರೆ ದಯವಿಟ್ಟು ಎಸೆಯಬೇಡಿ. ಎರಡೂ ಬದಿಯ ಫೋಟೋ ತೆಗೆದಿಡಿ. ಜೊತೆಗೆ ಹಾಡಿದವರ ಹೆಸರು, ಊರು, ಏನು ಹಾಡಿದರು ಅನ್ನುವುದನ್ನು ನೆನಪಿದ್ದವರನ್ನು ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಿ. ನಾನು ನಮ್ಮೂರಿನ ಸೋಬಾನೆ ತಂಡದವರ ಮನೆಗಳಿಂದ ಈ ಕೆಲಸ ಶುರು ಮಾಡಿದ್ದೇನೆ.